ಗೋಡೆಯಾಚೆಯ ಬಸ್ಸು

ಕರೆಂಟು ಹೋಗಬಹುದಿತ್ತು. ಕರೆಂಟಿದ್ದರೂ ಪ್ರೊಜೆಕ್ಟರ್ ಹತ್ತದೇ ಇರಬಹುದಿತ್ತು. ಹತ್ತಿದರೂ ನನ್ನ ಪೆನ್‌ಡ್ರೈವಿನಿಂದ ಗಣಿತದ ಬದಲು ನಾದಿನಿಯ ಗೃಹಪ್ರವೇಶದ ಫೋಟೋಗಳು ಹೊರಬಂದು, ಪಂಚೆ ಎತ್ತಿಕಟ್ಟಿ ಸಾಂಬಾರು ಬಡಿಸುತ್ತಿರುವ ನಾನು ಗೋಡೆಯಷ್ಟೆತ್ತರ ಕಾಣಬಹುದಿತ್ತು. ಬೆಳಗಿನ ಬಸ್ಸು ಮೊಸಳೆಹೊಸಳ್ಳಿ ಹತ್ತಿರ ಪಂಕ್ಚರ್ ಆಗಬಹುದಿತ್ತು. ನನ್ನ ಮಾದರಿ ಪಾಠಕ್ಕೆ ಜಾಗ ಕೊಟ್ಟ ಹಾಸನದ ಕಾಲೇಜಿನವರು ನಮ್ಮ ಮೇಲಿನ ಗೌರವಕ್ಕೆಂದು ಕರಿಹಲಗೆಗೆ ಹೊಸ ಬಣ್ಣ ಬಳಿದು, ಸೀಮೆಸುಣ್ಣ ಜಾರಿ ಜಾರಿ ಒಂದಕ್ಷರವೂ ಮೂಡದಂತೆ ಮಾಡಿರಬಹುದಿತ್ತು. ಹಿಂದಿನ ಸಾಲಿನಲ್ಲಿ ಕೂತ ಹೊಸ ಉಪನ್ಯಾಸಕರಲ್ಲಿ ಯಾವನೋ ಚಿನ್ನದ ಪದಕದವನು ಎದ್ದು, ನಾನು ಕನಸಿನಲ್ಲೂ ಕಂಡಿರದ ಪ್ರಶ್ನೆ ಕೇಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಗಂಟಲು ಕಟ್ಟಬಹುದಿತ್ತು. ಕಟ್ಟಿದ್ದರೆ, ಮೂರನೇ ಸಾಲಿನಲ್ಲಿ ಕೂತಿದ್ದ, ನಮ್ಮ ಕಾಲೇಜಿನದೇ ಗಣಿತದ ಗಂಗಾಂಬಿಕೆ ಮೇಡಂ ಸೆರಗು ಸರಿಮಾಡಿಕೊಂಡು ಎದ್ದು ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ನಾನು ನಿಲ್ಲಿಸಿದಲ್ಲಿಂದ ಪಾಠ ಮುಂದುವರಿಸಬಹುದಿತ್ತು.

ಮಿಕ್ಕಿದ್ದೆಲ್ಲ ಆಗಿದ್ದರೂ ಹೇಗೋ ಬದುಕುತ್ತಿದ್ದೆ. ಇದೊಂದು ಆಗಿದ್ದರೆ ಸ್ವಯಂ ನಿವೃತ್ತಿಯ ಅರ್ಜಿಯ ಜೊತೆಗೆ ಊರು ಬಿಡುವ ಏರ್ಪಾಡನ್ನೂ ಮಾಡಬೇಕಾಗುತ್ತಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದೇ ಬೇರೆ, ಬಹಳ ಚಿಕ್ಕದು. ಅಲ್ಲಿಗೆ ಬರುವ ಮೊದಲು ಒಂದಿಷ್ಟು ಹೇಳುವುದಿದೆ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ಬಂದವನು. ಮೊದಲು ಅರಕಲಗೂಡು, ಆಮೇಲೆ ಹೊಳೆನರಸೀಪುರ. ಐವತ್ತೆರಡಕ್ಕೇ ಗಂಟಲು ಕೈಕೊಟ್ಟಿತು. ಹಾಸನದ ಗಂಟಲಿನ ಡಾಕ್ಟರು ಒಳಗೆ ಕನ್ನಡಿ ತೂರಿಸಿ ನೋಡಿ, 'ಮೇಷ್ಟ್ರೇ, ಇನ್ನು ಮೌನವೇ ಔಷಧಿ' ಎಂದರು. ಮೇಷ್ಟ್ರಿಗೆ ಇಂಥ ಔಷಧಿ ಬರೆದುಕೊಟ್ಟರೆ ಮನೆಗೆ ಹೋಗು ಅಂತಲೇ ಅರ್ಥ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಈಗ ಮನೆಗೆ ಬಂದು 'ಸಾರ್, ನಿಮ್ಮ ಅನುಭವ ಹೇಳಿ' ಅನ್ನುತ್ತಾರೆ. ಅನುಭವ ಎಂದರೆ ಬಡ್ತಿ, ಪ್ರಶಸ್ತಿ, ಶಾಲು, ಹಾರ ಎಂದುಕೊಂಡವರು ಇಲ್ಲಿಗೇ ನಿಲ್ಲಿಸಬಹುದು. ನನ್ನ ಹತ್ತಿರ ಇರುವುದು ಒಂದು ಪಾಠ, ಒಂದು ಹೊಟ್ಟೆಕಿಚ್ಚು. ಎರಡನ್ನೂ ಬಿಡಿಸಿ ಹೇಳಲು ಬರುವುದಿಲ್ಲ.

ಪಾಠ ಇದು. ಮೊದಲನೇ ಪಿಯುಸಿಯಲ್ಲಿ ಶುರುವಿಗೇ ಬರುತ್ತದೆ. ಒಂದಷ್ಟು ಜೋಡಿಗಳನ್ನು ಕೊಟ್ಟು, ಇದು ಫಂಕ್ಷನ್ ಹೌದೋ ಅಲ್ಲವೋ ಹೇಳು ಅನ್ನುತ್ತಾರೆ. ಪ್ರತಿ ಜೋಡಿಯಲ್ಲೂ ಎಡಕ್ಕೊಂದು, ಬಲಕ್ಕೊಂದು. ಎಡಗಡೆಯ ಪ್ರತಿಯೊಂದಕ್ಕೂ ಬಲಗಡೆ ಒಂದೇ ಒಂದು ಉತ್ತರ ಇರಬೇಕು. ಎಡಗಡೆಯ ಇಬ್ಬರು ಬಲಗಡೆಯ ಒಬ್ಬರನ್ನೇ ತೋರಿಸಿದರೆ ತಕರಾರಿಲ್ಲ. ಎಡಗಡೆಯ ಒಬ್ಬರೇ ಬಲಗಡೆಯ ಇಬ್ಬರನ್ನು ತೋರಿಸಿದರೆ ಅದು ಫಂಕ್ಷನ್ ಅಲ್ಲ. ಇಷ್ಟೇ. ಇಷ್ಟನ್ನು ಮಕ್ಕಳ ತಲೆಗೆ ಹಾಕಲು ನಾನು ಹೋರಾಡಿದ ಹೋರಾಟವನ್ನು ನೆನೆಸಿಕೊಂಡರೆ ಈಗಲೂ ಗಂಟಲು ಉರಿಯುತ್ತದೆ.

ಅರಕಲಗೂಡಿನಲ್ಲಿ ನಾನು ಸೇರಿದಾಗ ಪ್ರಿನ್ಸಿಪಾಲರು ಇತಿಹಾಸದವರು. ಪಾಠ ಹೇಗೆ ನಡೆಯುತ್ತಿದೆ ಎಂಬುದನ್ನು ಸದ್ದಿನಿಂದ ಅಳೆಯುತ್ತಿದ್ದರು. ಸದ್ದಿಲ್ಲ ಅಂದರೆ ಒಳ್ಳೆಯ ಪಾಠ. ಹಾಗಾಗಿ ನಾನು ವ್ಯಾಖ್ಯೆಯನ್ನು ಬರೆಸುತ್ತಿದ್ದೆ, ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು, ಅವರು ಕಿಟಕಿಯಲ್ಲಿ ಇಣುಕಿ ತಲೆದೂಗಿ ಹೋಗುತ್ತಿದ್ದರು. ಟೆಸ್ಟಿನಲ್ಲಿ ಮಕ್ಕಳು ವ್ಯಾಖ್ಯೆಯನ್ನು ಅಲ್ಪವಿರಾಮ ಸಮೇತ ಬರೆದು, ಕೆಳಗೆ ಕೊಟ್ಟ ಜೋಡಿಗಳಿಗೆ ತಪ್ಪು ಉತ್ತರ ಬರೆಯುತ್ತಿದ್ದರು.

ಹೀಗಾದರೆ ಆಗುವುದಿಲ್ಲ, ಬದುಕಿನಿಂದಲೇ ಉದಾಹರಣೆ ತರೋಣ ಅನ್ನಿಸಿತು. 'ಎಡಗಡೆ ಮಕ್ಕಳು, ಬಲಗಡೆ ತಾಯಂದಿರು. ಒಂದು ಮಗುವಿಗೆ ಒಬ್ಬಳೇ ತಾಯಿ. ಆದ್ದರಿಂದ ಇದು ಫಂಕ್ಷನ್' ಎಂದೆ. ಎಷ್ಟು ಚೆನ್ನಾಗಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಸವಿತ ಎಂಬ ಹುಡುಗಿ ಎದ್ದಳು.

'ಸಾ, ನಂಗಿಬ್ರು ಅವ್ವದೀರು.'

'ಹಂಗಂದ್ರೆ?'

'ಎತ್ತವ್ವ ಅಳ್ಳೀಲವ್ಳೆ. ಸಾಕ್ದವ್ವ ಇಲ್ಲವ್ಳೆ. ಯಾರೆಸ್ರು ಬರೀಲಿ ಸಾ?'

'ಯಾರಾದ್ರೂ ಒಬ್ರುದು ಬರಿಯಮ್ಮ' ಎಂದೆ.

'ಅಂಗ್ ಬರಿಯಾಕಾಗಲ್ಲ ಸಾ' ಎಂದಳು. ಅಳಲಿಲ್ಲ, ನಗಲಿಲ್ಲ, ಸುಮ್ಮನೆ ಕೂತಳು. ಆವತ್ತು ನನ್ನ ತರಗತಿಯಲ್ಲಿ ಇದ್ದ ನಿಶ್ಶಬ್ದವನ್ನು ಕಿಟಕಿಯಿಂದ ಕೇಳಿದ ಪ್ರಿನ್ಸಿಪಾಲರು ಬಹಳ ಸಂತೋಷಪಟ್ಟರು. ಹೊಸಬರಿಗೆ ಹೇಳುತ್ತೇನೆ, ಉದಾಹರಣೆಗೆ ಯಾರ ಮನೆಯೊಳಕ್ಕೂ ಕೈಹಾಕಬೇಡಿ. ಅಲ್ಲಿ ಯಾವುದಕ್ಕೂ ಒಂದೇ ಉತ್ತರ ಇರುವುದಿಲ್ಲ.

ಹೊಳೆನರಸೀಪುರಕ್ಕೆ ಬಂದ ಮೇಲೆ ಮತದಾರನನ್ನು ಹಿಡಿದೆ. ಒಬ್ಬ ಮತದಾರನಿಗೆ ಒಂದೇ ಓಟು, ಒಬ್ಬ ಅಭ್ಯರ್ಥಿಗೆ ಎಷ್ಟು ಓಟು ಬೇಕಾದರೂ ಬೀಳಬಹುದು. ಸಂವಿಧಾನವೇ ನನ್ನ ಕಡೆ ಇದೆ ಎಂಬ ಧೈರ್ಯ. ಹಿಂದಿನ ಬೆಂಚಿನವನು ಕೈಯೆತ್ತಿ, 'ಸಾ, ನಮ್ಮಪ್ಪ ಮನೆ ತಾವ ಬಂದೋರ್‌ಗೆಲ್ಲ ಈ ಸಲ ನಿಮ್ಗೇ ಕಣಣ್ಣ ಅಂತಾನೆ. ಅದೇನು ಸಾ?' ಎಂದ. ತರಗತಿ ನಕ್ಕು ಬಿದ್ದುಹೋಯಿತು. ನಾನೂ ನಕ್ಕೆ. ಆಮೇಲೆ ಎರಡು ದಿನ, ಆ ಹುಡುಗನ ಅಪ್ಪನ ಕಿವಿಗೆ ಇದು ಬಿದ್ದರೆ, ಅವರು ಕಾಲೇಜಿಗೆ ಬಂದರೆ, ಬಂದು ಎರಡೂ ಪಾರ್ಟಿಯವರನ್ನು ಕರೆತಂದರೆ ಎಂದು ನಿದ್ದೆ ಬರಲಿಲ್ಲ. ಯಾರೂ ಬರಲಿಲ್ಲ. ನನ್ನ ಆತಂಕಗಳ ಚರಿತ್ರೆಯೇ ಹೀಗೆ, ಯಾರೂ ಬರುವುದಿಲ್ಲ.

ನಾನು ಮಾಡಿದ್ದರಲ್ಲಿ ಸರಿಹೋದದ್ದು ಒಂದೇ, ತೆಂಗಿನ ಕಡ್ಡಿ. ಫಂಕ್ಷನ್ನಿನ ಗ್ರಾಫ್ ಕೊಟ್ಟಾಗ ಅದರ ಮೇಲೆ ಎಲ್ಲಿ ನೆಟ್ಟಗೆ ಗೆರೆ ಎಳೆದರೂ ಒಂದೇ ಕಡೆ ತಾಗಬೇಕು. ಎರಡು ಕಡೆ ತಾಗಿದರೆ ಫಂಕ್ಷನ್ ಅಲ್ಲ. ಬೋರ್ಡಿನ ಮೇಲೆ ಗೆರೆ ಎಳೆದು ಎಳೆದು ಬೇಸತ್ತು, ಒಂದು ದಿನ ಪೊರಕೆಯಿಂದ ಕಡ್ಡಿಗಳನ್ನು ಹಿರಿದು ಎಲ್ಲರಿಗೂ ಒಂದೊಂದು ಕೊಟ್ಟೆ. ಕಡ್ಡಿಯನ್ನು ನೆಟ್ಟಗೆ ಹಿಡಿದು ಪುಸ್ತಕದ ಗ್ರಾಫಿನ ಮೇಲೆ ಎಡದಿಂದ ಬಲಕ್ಕೆ ಸರಿಸಿಕೊಂಡು ಹೋಗಬೇಕು. ಮಕ್ಕಳಿಗೆ ಖುಷಿ. ಮನೆಯಲ್ಲಿ ಪೊರಕೆ ಬಡವಾಗಿದ್ದಕ್ಕೆ ಮಂಜುಳ, ನನ್ನ ಹೆಂಡತಿ, 'ಅದ್ಯಾವ ಸೀಮೆ ಗಣಿತಾರೀ ಅದು, ಕಸ ಗುಡಿಸೋಕೆ ಕಡ್ಡಿ ಬಿಡದೇ ಇರೋದು' ಎಂದಳು. ಈಗ ಸ್ಮಾರ್ಟ್ ಬೋರ್ಡಿನಲ್ಲಿ ಕೆಂಪು ಗೆರೆಯೊಂದು ತಾನೇ ಓಡಾಡುತ್ತದಂತೆ. ಓಡಾಡಲಿ. ನನ್ನ ಕಡ್ಡಿ ಮುರಿದರೆ ಇನ್ನೊಂದು ಹಿರಿದುಕೊಳ್ಳಬಹುದಿತ್ತು.

ಇಷ್ಟರಲ್ಲಿ ಗಂಗಾಂಬಿಕೆ ಮೇಡಂ ಬಂದರು.

ಚನ್ನರಾಯಪಟ್ಟಣದವರು. ಅವರ ತಂದೆಯದು ಅಲ್ಲಿ ತೆಂಗಿನಕಾಯಿ ಮಂಡಿ. ದಿನಾ ಅಲ್ಲಿಂದ ಬಸ್ಸಿನಲ್ಲೇ ಬಂದು ಹೋಗುತ್ತಿದ್ದರು. ನನಗೆ 'ಎ' ಸೆಕ್ಷನ್, ಅವರಿಗೆ 'ಬಿ' ಸೆಕ್ಷನ್. ಅವರ ತರಗತಿಗೂ ನಮ್ಮ ಸ್ಟಾಫ್ ರೂಮಿಗೂ ನಡುವೆ ಒಂದೇ ಗೋಡೆ. ಕಟ್ಟಿಸಿದವರು ಅರ್ಧಕ್ಕೇ ಸುಸ್ತಾಗಿ ಅದನ್ನು ಸೂರಿನವರೆಗೆ ಏರಿಸದೆ ಬಿಟ್ಟಿದ್ದರು. ಮೇಲಿನ ಸಂದಿನಿಂದ ಆಚೆಯ ಪಾಠ ಈಚೆಗೆ ಧಾರಾಳವಾಗಿ ಬೀಳುತ್ತಿತ್ತು. ಅವರ ಮೂರನೇ ಪಿರಿಯಡ್ಡು ನನಗೆ ಬಿಡುವು.

ಮೊದಲ ಸಲ ಅವರು ಫಂಕ್ಷನ್ ಶುರು ಮಾಡಿದ ದಿನ ನಾನು ಟೆಸ್ಟ್ ಪೇಪರ್ ತಿದ್ದುತ್ತಾ ಕೂತಿದ್ದೆ. ಗೋಡೆಯಾಚೆಯಿಂದ ಕೇಳಿಸಿತು:

'ಬಸ್ ಸ್ಟ್ಯಾಂಡಲ್ಲಿ ನಿಂತಿದ್ದೀರಿ. ಕೆಂಪು ಬಸ್ ಬಂತು. ಬೋರ್ಡು?'

'ಆಸ್ನ ಮೇಡಂ!'

'ಹಸಿರು ಬಸ್?'

'ಅದೂ ಆಸ್ನ!'

'ಎರಡೂ ಹಾಸನ. ತೊಂದ್ರೆ ಇದೆಯಾ?'

'ಏನಿಲ್ಲ. ಯಾವ್ದಾರ ಅತ್ಕಳದು!'

'ಈಗ ಹಳದಿ ಬಸ್ ಬಂತು. ಮುಂದೆ ಅರಕಲಗೂಡು ಅಂತಿದೆ, ಸೈಡಲ್ಲಿ ಚನ್ನರಾಯಪಟ್ಟಣ ಅಂತಿದೆ. ಹತ್ತುತ್ತೀರಾ?'

'ಇಲ್ಲಾ ಮೇಡಂ!' ಇಡೀ ತರಗತಿ ಸೂರು ಹಾರಿಹೋಗುವ ಹಾಗೆ ಕೂಗಿತು.

'ಹತ್ತಬಾರದ ಬಸ್ ಇದ್ರೆ ಅದು ಫಂಕ್ಷನ್ ಅಲ್ಲ. ಮುಗೀತು.'

ಯಾರೋ ಹುಡುಗ, 'ಇಮಾನಕ್ಕೂ ಬೋರ್ಡ್ ಇರ್ತದಾ ಮೇಡಂ?' ಎಂದ. 'ಬೂವನಹಳ್ಳೀಲಿ ವರ್ಷಗಟ್ಲೆಯಿಂದ ಕಟ್ತಿರೋ ನಿಲ್ದಾಣಕ್ಕೆ ವಿಮಾನ ಬರ್ಲಿ ತಡಿಯೋ, ಆವಾಗ ನೋಡ್ಕೊಂಡು ಹೇಳ್ತೀನಿ' ಎಂದರು. ನಗು.

ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತ್ತು. ನಿಜ ಹೇಳಬೇಕೆಂದರೆ ಮೊದಲು ಅನ್ನಿಸಿದ್ದು ಮೆಚ್ಚುಗೆಯಲ್ಲ. ನಾನೂ ಅದೇ ಬಸ್ ಸ್ಟ್ಯಾಂಡಿನಲ್ಲಿ ಎಷ್ಟೋ ವರ್ಷ ನಿಂತವನು. ಅವೇ ಬಸ್ಸುಗಳನ್ನು ನೋಡಿದವನು. ಅವು ನನಗೇಕೆ ಏನೂ ಹೇಳಲಿಲ್ಲ? ಮೊನ್ನೆ ಬಂದ ಇವರಿಗೆ ಮಾತ್ರ ಹೇಗೆ ಹೇಳಿದವು?

ಆಮೇಲಿನದು ರೋಗ. ಮೂರನೇ ಪಿರಿಯಡ್ಡಿಗೆ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಳ್ಳತೊಡಗಿದೆ. ಅವರು ಕಡ್ಡಿಯನ್ನೂ ಬಳಸಲು ಶುರುಮಾಡಿದರು. ನನ್ನ ಕಡ್ಡಿ! ನನ್ನನ್ನು ಕೇಳಿಯೇ ತೆಗೆದುಕೊಂಡರು, 'ಸಾರ್, ನಿಮ್ಮ ಕಡ್ಡಿ ಐಡಿಯಾ ನಮ್ಮ ಮಕ್ಕಳಿಗೂ ಕೊಡಲಾ?' ಎಂದು. ಕೊಡಿ ಎಂದೆ. ಎಂದ ಮೇಲೆ, ಅವರ ಸೆಕ್ಷನ್ನಿನ ಮಕ್ಕಳ ಕಡ್ಡಿಗಳೇ ನಮ್ಮವಕ್ಕಿಂತ ನೆಟ್ಟಗಿವೆ ಅನ್ನಿಸತೊಡಗಿತು.

'ನಿಮಗೆ ಆ ಮೇಡಂ ಕಂಡ್ರೆ ಹೊಟ್ಟೆಕಿಚ್ಚು' ಎಂದಳು ಮಂಜುಳ.

'ಛೇ, ಒಳ್ಳೆ ಟೀಚರ್ ಅವರು.'

'ಊಟದ ಹೊತ್ತಲ್ಲಿ ದಿನಾ ಅವರ ಬಸ್ಸಿನ ಕತೆನೇ ಹೇಳ್ತೀರಲ್ಲ. ನಾನೂ ನಿಮಗೆ ಬಡಿಸ್ತಾ ಬಡಿಸ್ತಾ ಫಂಕ್ಷನ್ ಕಲಿತುಬಿಟ್ಟೆ. ನೀವು ಹೇಳಿಕೊಟ್ಟಿದ್ದಲ್ಲ, ಅವರು ಹೇಳಿಕೊಟ್ಟಿದ್ದು.'

ಅನ್ನ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತು. ಡಾಕ್ಟರಿಗೆ ಈ ಕಾರಣ ಹೇಳಲಿಲ್ಲ.

ಕಿಚ್ಚಿಗೆ ತುಪ್ಪ ಬಿದ್ದದ್ದು ಆ ವರ್ಷದ ಕಿರು ಪರೀಕ್ಷೆಯಲ್ಲಿ. ಎರಡೂ ಸೆಕ್ಷನ್ನಿಗೆ ಪ್ರಶ್ನೆಪತ್ರಿಕೆ ನನ್ನದು. ಟೈಪ್ ಮಾಡುವಾಗ ಒಂದು ಜೋಡಿಯನ್ನು ಎರಡು ಸಲ ಹೊಡೆದುಬಿಟ್ಟಿದ್ದೆ. ಎರಡಕ್ಕೆ ಐದು, ಮೂರಕ್ಕೆ ಏಳು, ಮತ್ತೆ ಎರಡಕ್ಕೆ ಐದು. ನನ್ನ ಮಕ್ಕಳಿಗೆ ನಾನು ಸುಲಭಕ್ಕೆಂದು 'ಎಡಗಡೆಯದು ಎರಡು ಸಲ ಬಂದರೆ ಫಂಕ್ಷನ್ ಅಲ್ಲ' ಎಂಬ ಗುಟ್ಟು ಹೇಳಿಕೊಟ್ಟಿದ್ದೆ. ಅವರೆಲ್ಲ ಒಬ್ಬರೂ ಬಿಡದಂತೆ 'ಅಲ್ಲ' ಎಂದು ಬರೆದರು. 'ಬಿ' ಸೆಕ್ಷನ್ನಿನವರು 'ಹೌದು' ಎಂದು ಬರೆದು, ಕೆಳಗೆ ಕಾರಣವನ್ನೂ ಕೊಟ್ಟಿದ್ದರು: ಅದೇ ಬಸ್ಸು ಎರಡು ಸಲ ಕಂಡಿದೆ, ಎರಡು ಸಲವೂ ಬೋರ್ಡು ಅದೇ ಇದೆ, ಧೈರ್ಯವಾಗಿ ಹತ್ತಬಹುದು.

ನಮ್ಮ ಆಗಿನ ಪ್ರಿನ್ಸಿಪಾಲ್ ನಂಜುಂಡಪ್ಪನವರು ಕನ್ನಡದವರು, ಲೆಕ್ಕ ಎಂದರೆ ಮಾರು ದೂರ. 'ರುದ್ರೇಶ್, ಯಾವ್ದ್ರೀ ಸರಿ? ಒಂದೇ ಪ್ರಶ್ನೆಗೆ ಎರಡು ಉತ್ತರ ಹೆಂಗ್ರೀ ಇರುತ್ತೆ ಗಣಿತದಲ್ಲಿ?' ಎಂದರು.

'ಬಿ ಸೆಕ್ಷನ್ನಿನವರದೇ ಸರಿ ಸರ್' ಎಂದೆ.

'ಪ್ರಶ್ನೆ ಬಹಳ ಚೆನ್ನಾಗಿತ್ತು ಸಾರ್' ಎಂದರು ಮೇಡಂ, ಪಕ್ಕದಲ್ಲಿ ನಿಂತು. 'ಬೇಕಂತಲೇ ಎರಡು ಸಲ ಕೊಟ್ಟಿದ್ರಲ್ಲ, ಮಕ್ಕಳು ಯೋಚನೆ ಮಾಡಲಿ ಅಂತ.' ನಿಜವಾಗಿಯೂ ಹಾಗೆಂದುಕೊಂಡಿದ್ದರೋ, ನನ್ನ ಮಾನ ಕಾಪಾಡಿದರೋ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ಸಂಕಟವೇ.

ಆ ವಾರವೇ ಗಂಟಲು ತೋರಿಸಲು ಹಾಸನಕ್ಕೆ ಹೋಗಿದ್ದೆ. ಬಸ್ಸು ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಬಾನೆಟ್ಟಿನ ಮೇಲೆ ಹತ್ತಿ, ಗಾಜಿನ ಹಿಂದಿದ್ದ ತಗಡಿನ ಬೋರ್ಡನ್ನು ಎತ್ತಿ, ತಿರುಗಿಸಿ ಇಟ್ಟ. ಒಂದು ಮುಖದಲ್ಲಿ ಹಾಸನ, ಇನ್ನೊಂದು ಮುಖದಲ್ಲಿ ಹೊಳೆನರಸೀಪುರ. ಹುಟ್ಟಿದಾಗಿನಿಂದ ನೋಡಿದ್ದೇ. ಆವತ್ತು ಮಾತ್ರ ನಿಂತಲ್ಲೇ ನಿಂತೆ.

ಒಂದೇ ಬಸ್ಸು. ಬೆಳಗ್ಗೆ ಒಂದು ಬೋರ್ಡು, ಮಧ್ಯಾಹ್ನ ಇನ್ನೊಂದು. ಎಡಗಡೆ ಒಂದು, ಬಲಗಡೆ ಎರಡು. ಮೇಡಂನ ಬಸ್ಸು ಫಂಕ್ಷನ್ನೇ ಅಲ್ಲ!

ನನಗಾದ ಆನಂದವನ್ನು ಹೇಗೆ ಹೇಳಲಿ. ಗಂಟಲು ಪರೀಕ್ಷೆ ಮಾಡುವಾಗ ಡಾಕ್ಟರು 'ಯಾಕ್ರೀ ನಗ್ತಿದ್ದೀರ, ಬಾಯಿ ಅಗಲ ಮಾಡಿ' ಎಂದು ಗದರಿದರು. ಕೆಲಸ ಬಿಡಬೇಕು ಎಂದು ಅವರು ಹೇಳಿದ್ದೂ ಆವತ್ತೇ. ಅದನ್ನು ಅರ್ಧ ಕಿವಿಯಲ್ಲಿ ಕೇಳಿದೆ.

ಈ ಅಸ್ತ್ರವನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡೆ. ಮಂಜುಳನಿಗೂ ಹೇಳಲಿಲ್ಲ, ಅವಳು ಮೇಡಂ ಕಡೆಯವಳು. ಸ್ವಯಂ ನಿವೃತ್ತಿಗೆ ಅರ್ಜಿ ಹಾಕಿದೆ. ಆಗ ಜಿಲ್ಲೆಗೆ ಹೊಸದಾಗಿ ಬಂದ ಗಣಿತದ ಉಪನ್ಯಾಸಕರಿಗೆ ಹಾಸನದಲ್ಲಿ ಒಂದು ಮಾದರಿ ಪಾಠ ಏರ್ಪಾಡಾಯಿತು. ವಿಷಯ ಇದೇ, ಜೋಡಿಗಳು ಫಂಕ್ಷನ್ ಹೌದೋ ಅಲ್ಲವೋ. ನಮ್ಮ ಕಾಲೇಜಿನಿಂದ ಒಬ್ಬರು ಮಾಡಬೇಕು. ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಇಡೀ ತಾಲ್ಲೂಕಿಗೆ ಆ ಬಸ್ಸಿನ ಖ್ಯಾತಿ ಹಬ್ಬಿತ್ತು. ನಾನು ಹೋಗುವ ಮುಂಚೆ ಒಂದೇ ಒಂದು ಸಲ, ಫಂಕ್ಷನ್ ಎಂದರೆ ರುದ್ರೇಶ್ ಸಾರ್ ಪಾಠ ಕೇಳಬೇಕು ಎಂದು ಯಾರಾದರೂ ನಾಲ್ಕು ಜನ ಅಂದರೆ ಸಾಕಿತ್ತು. ಅದೂ ಇಲ್ಲ ಎಂದು ಮುಖ ಇಳಿಬಿಟ್ಟುಕೊಂಡು ಕೂತಿದ್ದಾಗ ನಂಜುಂಡಪ್ಪನವರು ಕರೆಸಿದರು.

'ನೀವೇ ಹೋಗ್ರೀ.'

'ಮೇಡಂ?'

'ಅವರನ್ನೇ ಮೊದ್ಲು ಕೇಳ್ದೆ. ರುದ್ರೇಶ್ ಸಾರ್ ಮಾಡ್ಲಿ, ಅವರಿಗೆ ಇದೇ ಕೊನೇದಲ್ವಾ ಅಂದ್ರು. ನಿಮ್ಮ ಗಂಟಲದ್ದೇ ಭಯ ನನಗೆ. ಅದಕ್ಕೆ ಅವರನ್ನೂ ಜೊತೇಲಿ ಕಳಿಸ್ತೀನಿ. ಸ್ಟೆಪ್ನಿ ಇದ್ದಂಗೆ. ಪಾಠ ಮುಗಿಸಿ ಇಬ್ರೂ ಕೊನೇ ಪಿರಿಯಡ್ಡಿಗೆ ವಾಪಸ್ ಬಂದು ಸಹಿ ಹಾಕ್ಬೇಕು, ತಿಳೀತಾ?'

ಬಿಟ್ಟುಕೊಟ್ಟರಂತೆ! ಯಾಕೆ ಬಿಟ್ಟುಕೊಟ್ಟರು? ಕರುಣೆಯಿಂದಲೋ? ನಾನು ಅರ್ಧಕ್ಕೆ ಕುಸಿದರೆ ಎದ್ದು ಬಂದು ಗೆಲ್ಲುವುದಕ್ಕೋ? ರಾತ್ರಿಯೆಲ್ಲ ಹೊರಳಾಡಿ, ಮೊದಲು ಹೇಳಿದೆನಲ್ಲ, ಆ ಪಟ್ಟಿಯನ್ನೆಲ್ಲ ತಲೆಯಲ್ಲಿ ಬೆಳೆಸಿದೆ. ಬೆಳಗ್ಗೆ ಜೇನುತುಪ್ಪ, ಜ್ಯೇಷ್ಠಮಧು, ಬಿಸಿನೀರಿನ ಫ್ಲಾಸ್ಕು, ಎರಡು ಪೆನ್‌ಡ್ರೈವ್, ಸ್ವಂತ ಸೀಮೆಸುಣ್ಣ, ಒಂದು ಕಟ್ಟು ತೆಂಗಿನ ಕಡ್ಡಿ ಎಲ್ಲ ಹೊತ್ತು ಹೊರಟೆ. 'ಸಂತೆಗೆ ಹೊರಟಿದ್ದೀರೋ ಪಾಠಕ್ಕೋ?' ಎಂದಳು ಮಂಜುಳ. ಬಸ್ಸಿನಲ್ಲಿ ಮೇಡಂ ಮಾತಾಡಿಸಲು ನೋಡಿದರು. ಗಂಟಲು ತೋರಿಸಿ ಸುಮ್ಮನಿದ್ದೆ.

ಹಾಸನದಲ್ಲಿ ಮುಂದೆ ಆ ಕಾಲೇಜಿನ ಮಕ್ಕಳು, ಹಿಂದೆ ಹೊಸ ಉಪನ್ಯಾಸಕರು. ಕರೆಂಟಿತ್ತು. ಪ್ರೊಜೆಕ್ಟರ್ ಹತ್ತಿತು. ಗೃಹಪ್ರವೇಶ ತೆರೆದುಕೊಳ್ಳಲಿಲ್ಲ. ಗಂಟಲು, ದೇವರು ದೊಡ್ಡವನು, ಕರಕರ ಎನ್ನುತ್ತಲೇ ಹೊರಟಿತು. ನಾನು ನೇರವಾಗಿ ಮೇಡಂನ ಬಸ್ಸುಗಳನ್ನೇ ಬೋರ್ಡಿನ ಮೇಲೆ ಬರೆದೆ. ಕೆಂಪು ಬಸ್ಸು ಹೊಳೆನರಸೀಪುರ, ಹಸಿರು ಬಸ್ಸು ಹೊಳೆನರಸೀಪುರ, ಹಳದಿ ಬಸ್ಸು ಅರಕಲಗೂಡು. 'ಇದು ನಮ್ಮ ಗಂಗಾಂಬಿಕೆ ಮೇಡಂ ಅವರ ಉದಾಹರಣೆ' ಎಂದೂ ಹೇಳಿದೆ. ಔದಾರ್ಯದಿಂದಲ್ಲ. ಮುರಿಯುವ ವಸ್ತು ಯಾರದು ಎಂಬುದು ಎಲ್ಲರಿಗೂ ಗೊತ್ತಿರಲಿ ಎಂದು.

'ಫಂಕ್ಷನ್ನಾ?'

'ಹೌದು ಸಾ!'

'ಮಧ್ಯಾಹ್ನ ಅದೇ ಕೆಂಪು ಬಸ್ಸು ಹೊಳೆನರಸೀಪುರದಿಂದ ವಾಪಸ್ ಹೊರಡುತ್ತೆ. ಬೋರ್ಡಲ್ಲಿ ಏನಿರುತ್ತೆ?'

ಮಕ್ಕಳು ಬೋರ್ಡಿನತ್ತ ಬಗ್ಗಿ ನೋಡಿದರು. ಆಮೇಲೆ ಒಬ್ಬ ಹುಡುಗ, 'ಅಯ್ಯೋ, ಕೆಟ್ಟೋಯ್ತಲ್ಲ ಸಾ!' ಎಂದ. ತರಗತಿಗೆ ತರಗತಿಯೇ ಎದ್ದು ಗಲಾಟೆ. ಕೆಂಪು ಬಸ್ಸಿಗೆ ಎರಡು ಬೋರ್ಡು, ಫಂಕ್ಷನ್ ಅಲ್ಲ ಎಂದು ಅರ್ಧ ಜನ, ಒಂದು ಹೊತ್ತಿಗೆ ಒಂದೇ ಬೋರ್ಡಲ್ಲವಾ ಎಂದು ಅರ್ಧ ಜನ. ನಾನು ಮೂರನೇ ಸಾಲಿನತ್ತ ನೋಡಿದೆ. ಮೇಡಂ ಗಲ್ಲಕ್ಕೆ ಕೈಕೊಟ್ಟು ನಗುತ್ತಾ ಕೇಳುತ್ತಿದ್ದರು.

ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, 'ಸಾ, ಬರೇ ಬಸ್ ಬರೆದ್ರೆ ಕೆಡ್ತದೆ. ಬೆಳಗ್ಗೆ ಕೆಂಪು ಬಸ್, ಮಧ್ಯಾಹ್ನ ಕೆಂಪು ಬಸ್ ಅಂತ ಬೇರೆ ಬೇರೆ ಬರೆದ್ರೆ? ಬಸ್ಸಲ್ಲ ಸಾ, ಟ್ರಿಪ್ಪು. ಒಂದ್ ಟ್ರಿಪ್ಪಿಗೆ ಒಂದೇ ಬೋರ್ಡು' ಎಂದಳು.

ಇದು ನನ್ನ ಯೋಜನೆಯಲ್ಲಿ ಇರಲಿಲ್ಲ. ನಾನು ಬಸ್ಸನ್ನು ಕೆಡಿಸುವುದನ್ನಷ್ಟೇ ಕಲಿತು ಬಂದಿದ್ದೆ, ರಿಪೇರಿ ಯೋಚಿಸಿರಲಿಲ್ಲ. ಆದರೆ ಅಷ್ಟು ವರ್ಷದ ಮೇಷ್ಟ್ರತನ ಸುಮ್ಮನೆ ಬರುವುದಿಲ್ಲ. 'ಶಭಾಷ್, ಇದಕ್ಕೇ ನಾನು ಕಾಯ್ತಿದ್ದೆ' ಎಂದುಬಿಟ್ಟೆ. 'ಹೌದೋ ಅಲ್ಲವೋ ಅಂತ ಹೇಳೋಕೆ ಮುಂಚೆ ಎಡಗಡೆ ಏನಿಟ್ಟಿದ್ದೀವಿ ಅಂತ ಕೇಳ್ಕೋಬೇಕು.' ಈ ವಾಕ್ಯ ಬಾಯಿಂದ ಹೊರಟ ಮೇಲೆ ನನಗೇ ಅರ್ಥವಾಯಿತು. ಹೊಸ ಉಪನ್ಯಾಸಕರು ಕರಿಹಲಗೆಯ ಫೋಟೋ ಹೊಡೆದುಕೊಂಡರು. ಚಿನ್ನದ ಪದಕದವನೂ ಇದ್ದ, ಪ್ರಶ್ನೆ ಕೇಳಲಿಲ್ಲ, ಕೈ ಕುಲುಕಿ 'ಬೋರ್ಡ್ ತಿರುಗಿಸೋದು ಅದ್ಭುತ ಸಾರ್' ಎಂದ. ನಾಲ್ಕು ಜನ ಸಾಕೆಂದಿದ್ದೆ, ಇಡೀ ಕೋಣೆ ಅಂದಿತು.

ಮೇಡಂ ಕೂಡ 'ಬಹಳ ಚೆನ್ನಾಗಿತ್ತು ಸಾರ್' ಎಂದರು. ಅವರ ಮುಖವನ್ನು ಹುಡುಕಿ ಹುಡುಕಿ ನೋಡಿದೆ. ಹೊಟ್ಟೆಕಿಚ್ಚಿನ ಒಂದು ಗೆರೆಯೂ ಇರಲಿಲ್ಲ. ಇವರಿಗೆ ಅದೂ ಬೇಕಾಗಿಲ್ಲವಲ್ಲ ಎಂದು ನನಗೆ ಇನ್ನಷ್ಟು ಉರಿಯಿತು.

ಕೊನೇ ಪಿರಿಯಡ್ಡಿಗೆ ಸಹಿ ಹಾಕಬೇಕಲ್ಲ, ಇಬ್ಬರೂ ದಾಪುಗಾಲಿನಲ್ಲಿ ಬಸ್ ನಿಲ್ದಾಣಕ್ಕೆ ಬಂದೆವು. ಹೊಳೆನರಸೀಪುರ ಎಂದು ಬೋರ್ಡಿದ್ದ ಖಾಸಗಿ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಹತ್ತಿ ಕೂತೆವು. ಬಸ್ಸು ಊರ ಸಂದಣಿಯಲ್ಲಿ ತೆವಳುತ್ತಿದ್ದಾಗ ನನಗೆ ಸುಮ್ಮನಿರಲಾಗಲಿಲ್ಲ.

'ಮೇಡಂ, ಬೇಜಾರಾಯ್ತಾ ನಿಮಗೆ? ನಿಮ್ಮ ಬಸ್ಸನ್ನ ಎಲ್ಲರೆದುರಿಗೆ ಕೆಡಿಸಿಬಿಟ್ಟೆ.'

'ಅಯ್ಯೋ, ಇಲ್ಲ ಸಾರ್. ಆ ಹುಡುಗಿ ಹೇಳಿದ್ಲಲ್ಲ ಟ್ರಿಪ್ಪು ಅಂತ, ಅದು ನನ್ನ ಎರಡನೇ ದಿನದ ಪಾಠ. ಮೊದಲನೇ ದಿನ ಬಸ್ಸು ಕಟ್ಟೋದು, ಎರಡನೇ ದಿನ ಮಕ್ಕಳ ಕೈಲೇ ಕೆಡಿಸಿ ರಿಪೇರಿ ಮಾಡ್ಸೋದು.'

ನಾನು ಕಿಟಕಿಯ ಕಂಬಿ ಹಿಡಿದುಕೊಂಡೆ. 'ಎರಡನೇ ದಿನದ್ದು ನನಗೆ ಕೇಳಿಸಲೇ ಇಲ್ಲವಲ್ಲ' ಎಂದು ಬಾಯಿತಪ್ಪಿ ಬಂದುಬಿಟ್ಟಿತು.

'ಆ ದಿನ ನನ್ನ ಕ್ಲಾಸು ಐದನೇ ಪಿರಿಯಡ್ಡು ಸಾರ್. ನಿಮಗೆ ಆಗ ಕ್ಲಾಸ್ ಇರುತ್ತೆ' ಎಂದರು, ಬಹಳ ಸಹಜವಾಗಿ. 'ಮೂರನೇ ಪಿರಿಯಡ್ಡಲ್ಲಿ ನೀವು ಕುರ್ಚಿ ಎಳ್ಕೊಳ್ಳೋ ಸದ್ದು ನಮಗೆಲ್ಲ ಕೇಳಿಸ್ತದೆ. ಮಕ್ಕಳು, ಮೇಡಂ, ಸಾರ್ ಬಂದ್ರು, ಶುರು ಮಾಡಿ ಅಂತಾವೆ. ನಿಮಗೆ ಕೇಳಿಸ್ಲಿ ಅಂತ ಸ್ವಲ್ಪ ಜೋರಾಗೇ ಹೇಳ್ತೀನಿ ನಾನು.'

ಬಸ್ಸು ಕೆಟ್ಟು ನಿಲ್ಲಬಾರದೇ, ಇಳಿದು ಓಡಿಹೋಗುತ್ತೇನೆ ಅನ್ನಿಸಿತು. ಅಷ್ಟರಲ್ಲಿ ಕಂಡಕ್ಟರ್ ಬಂದ.

'ಎರಡು ಹೊಳೆನರಸೀಪುರ' ಎಂದೆ.

'ಒಳೇನರ್ಸೀಪುರನಾ? ಇದು ಅರ್ಕಲ್ಗೂಡಿಗ್ ಓಗೋದು ಕಣ್ ಸಾ.'

ಹೊರಗೆ ನೋಡಿದೆವು. ಊರು ಮುಗಿದು ಗೊರೂರಿನ ರಸ್ತೆ ಆಗಲೇ ಶುರುವಾಗಿತ್ತು.

'ಮತ್ತೆ ಬೋರ್ಡು?' ಎಂದೆ, ನನಗೆ ಸಾಧ್ಯವಿದ್ದಷ್ಟು ಜೋರಾಗಿ.

'ಬೆಳಗ್ಗಿಂದ ಒಳೇನರ್ಸೀಪುರಕ್ಕೇ ಓಡಾಡ್ತಿತ್ತು ಸಾ. ಅರ್ಕಲ್ಗೂಡ್ ಗಾಡಿ ಕೆಟ್ಟೋಯ್ತು, ಓನರ್ರು ಇದನ್ನೇ ವಡ್ಕಂಡೋಗು ಅಂದ್ರು. ಆ ಬೋರ್ಡು ಆ ಗಾಡೀಲೇ ಉಳ್ಕಂಡೈತೆ. ಬಾಗ್ಲಲ್ಲಿ ನಿಂತ್ಕಂಡು ಅರ್ಕಲ್ಗೂಡು ಅರ್ಕಲ್ಗೂಡು ಅಂತ ಬಡ್ಕತ್ತಿದ್ನಲ್ಲ ಸಾ, ಕೇಳಿಸ್ಲಿಲ್ವಾ? ಬೋರ್ಡ್ ನೋಡ್ಕಂಡು ಯಾರ್ ಸಾ ಬಸ್ ಅತ್ತಾರೆ? ಕೇಳ್ಕಂಡ್ ಅತ್ಬೇಕು.' ಇಡೀ ಬಸ್ಸು ನಮ್ಮತ್ತ ತಿರುಗಿ ನೋಡಿತು. ಓದಿದವರಂತೆ ಕಾಣುತ್ತಾರೆ ಪಾಪ ಎಂಬ ನೋಟ.

ಮುಂದಿನ ಸ್ಟಾಪಿನಲ್ಲಿ ಇಳಿಸಿದ. ಹಾಸನದ ಕಡೆಗೆ ಹೋಗುವ ಬಸ್ಸಿಗಾಗಿ ಒಂದು ಹೊಂಗೆ ಮರದ ಕೆಳಗೆ ನಿಂತೆವು. ಫ್ಲಾಸ್ಕಿನ ಬಿಸಿನೀರನ್ನು ಇಬ್ಬರೂ ಕುಡಿದೆವು. ನಂಜುಂಡಪ್ಪನವರ ಸಹಿ, ಅವರ ಬೈಗುಳ, ನನ್ನ ಮಾನ ಎಲ್ಲವನ್ನೂ ಒಂದೊಂದಾಗಿ ಯೋಚಿಸುತ್ತಿದ್ದೆ. ಪಕ್ಕದಲ್ಲಿ ಮೇಡಂ ಇದ್ದಕ್ಕಿದ್ದಂತೆ ನಕ್ಕರು.

'ಸಾರ್, ಒಂದು ವಿಷಯ ನೋಡಿದ್ರಾ? ಆ ಬೋರ್ಡು ಸುಳ್ಳು. ಆದ್ರೂ ಫಂಕ್ಷನ್ನೇ! ಒಂದು ಬಸ್ಸು, ಒಂದು ಟ್ರಿಪ್ಪು, ಒಂದೇ ಬೋರ್ಡು. ನಿಜ ಹೇಳ್ಬೇಕು ಅಂತ ಫಂಕ್ಷನ್ ಯಾವತ್ತು ಕೇಳಿದೆ? ಒಂದೇ ಉತ್ತರ ಹೇಳು ಅಂತ ತಾನೇ ಕೇಳೋದು?'

ನಿಯಮ ಪಾಲಿಸಿದ ಜೋಡಿ ನಿಜವೂ ಆಗಿರುತ್ತದೆ ಎಂದು ಇಷ್ಟು ವರ್ಷ ನನಗೇ ತಿಳಿಯದಂತೆ ನಂಬಿಕೊಂಡು ಬಂದಿದ್ದೆ, ಮಕ್ಕಳನ್ನೂ ನಂಬಿಸಿದ್ದೆ. ತಪ್ಪು ಬಸ್ಸು ಹತ್ತಿದವರು ಇಬ್ಬರೂ. ಇಳಿಸಿಕೊಂಡವರು ಇಬ್ಬರೂ. ನನಗೆ ಅದರಿಂದ ಸಿಕ್ಕಿದ್ದು ಅವಮಾನ, ಅವರಿಗೆ ಸಿಕ್ಕಿದ್ದು ಪಾಠ. ನನ್ನ ಕಣ್ಣೆದುರಿಗೇ, ನನ್ನ ಫ್ಲಾಸ್ಕಿನ ನೀರು ಕುಡಿಯುತ್ತಾ.

'ಮೂರನೇ ದಿನಕ್ಕೆ ಏನೂ ಇರಲಿಲ್ಲ ನನ್ನ ಹತ್ರ, ಈಗ ಸಿಕ್ತು' ಎಂದರು. 'ನಾಳೆ ಮೂರನೇ ಪಿರಿಯಡ್ಡಲ್ಲಿ ಇದನ್ನೇ ಮಾಡ್ತೀನಿ. ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ ಸಾರ್, ಜೋರಾಗೇ ಹೇಳ್ತೀನಿ.'

ಕೂತುಕೊಂಡೆ. ಕೆಲಸ ಬಿಡುವವರೆಗೂ ಕೂತುಕೊಂಡೆ. ಹೊಟ್ಟೆಕಿಚ್ಚು ಈಗಲೂ ಇದೆ, ಗಂಟಲಿಗಿಂತ ಗಟ್ಟಿಯಾಗಿದೆ.

ಅಷ್ಟೊಂದು ಆಗಬಹುದಾಗಿದ್ದ ಆ ದಿನ ಆದದ್ದು ಇಷ್ಟೇ: ಹಾಸನದ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರ್ ಒಂದು ತಗಡಿನ ಬೋರ್ಡು ಬದಲಾಯಿಸಿರಲಿಲ್ಲ.